ಕೆರೆ ಪಕ್ಕದ ಮನೆ: ಬೆಳ್ಳಂದೂರಿನ ಸುತ್ತ ಊರು ಬೆಳೆದ ಲೆಕ್ಕ

ಬೆಂಗಳೂರಿನ ಸರ್ಜಾಪುರ ರಸ್ತೆ, ಹರಳೂರು, ವರ್ತೂರು ಕಡೆಯ ಯಾವುದೇ ಹೊಸ ಅಪಾರ್ಟ್‌ಮೆಂಟಿನ ಜಾಹೀರಾತು ನೋಡಿ. 'ಲೇಕ್ ವ್ಯೂ' ಅನ್ನೋ ಮಾತು ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಕೆರೆ ಕಡೆ ಬಾಲ್ಕನಿ ಇರುವ ಫ್ಲ್ಯಾಟಿಗೆ ರೇಟು ಜಾಸ್ತಿ. ಮನೆಗೆ ಬಂದ ಮೇಲೆ ಅದೇ ಬಾಲ್ಕನಿಗೆ ಸೊಳ್ಳೆ ಪರದೆ ಹಾಕಿಸಿ, ವಾಸನೆಗೆ ಬಾಗಿಲು ಮುಚ್ಚಿಕೊಂಡು ಕೂರುವವರೂ ಇದ್ದಾರೆ.

'ಪ್ಲಾನೇ ಇಲ್ಲದೆ ಬೆಳೆದ ಊರು, ಇನ್ನೇನಾಗುತ್ತೆ' ಅಂತ ನಾವೆಲ್ಲ ಹೇಳುತ್ತೇವೆ. ಅದು ಅರ್ಧ ಮಾತ್ರ ನಿಜ. ಬೆಂಗಳೂರಿಗೆ ಮಾಸ್ಟರ್ ಪ್ಲಾನ್ ಇತ್ತು, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಇತ್ತು, ಕೆರೆ ಕಾಪಾಡಲು ಸಮಿತಿಗಳ ಮೇಲೆ ಸಮಿತಿಗಳೂ ಇದ್ದವು. ತಪ್ಪಿದ್ದು ಕೆಲಸಗಳ ಸರದಿ. ಮೊದಲು ಮನೆ ಬಂತು. ಆಮೇಲೆ ರಸ್ತೆ. ಅದಾದ ಎಷ್ಟೋ ವರ್ಷಕ್ಕೆ ಒಳಚರಂಡಿ, ಕಡೆಗೆ ಕಾವೇರಿ. ಮನೆಗೂ ಒಳಚರಂಡಿಗೂ ನಡುವೆ ಕಳೆದ ಆ ವರ್ಷಗಳ ಕೊಳಚೆಯೆಲ್ಲ ಹೋಗಿದ್ದು ಕೆರೆಗೆ. ಬೆಳ್ಳಂದೂರು ಕೆರೆಯ ಕಥೆಯನ್ನು ಈ ಸರದಿಯ ಲೆಕ್ಕದಲ್ಲಿ ನೋಡಿದರೆ ನೊರೆ, ಬೆಂಕಿ, ಪ್ರವಾಹ, ಟ್ಯಾಂಕರ್ ಎಲ್ಲವೂ ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ.

ಮೊದಲು ಕೆರೆ ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದು ಗೊತ್ತಿರಬೇಕು. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ಹೆಬ್ಬಾಳ, ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ. ಹಿಂದಿನವರು ಈ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕುತ್ತಾ ಹೋದರು. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು, ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಕಸವನಹಳ್ಳಿ ಕೆರೆಯದು ಕೈಕೊಂಡ್ರಹಳ್ಳಿಗೆ, ಅಲ್ಲಿಂದ ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ. ಇನ್ನೊಂದು ಕಡೆಯಿಂದ ಹಲಸೂರು, ಕೋರಮಂಗಲ, ಅಗರದ ಕಡೆಯ ನೀರೂ ಅಲ್ಲಿಗೇ. ಬೆಳ್ಳಂದೂರು ತುಂಬಿದರೆ ವರ್ತೂರು. ವರ್ತೂರು ದಾಟಿದ್ದು ದಕ್ಷಿಣ ಪಿನಾಕಿನಿ ನದಿ ಸೇರಿ ಹೊಸೂರಿನ ಕಡೆ ಹೋಗುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ನಗರದ ಅತಿ ದೊಡ್ಡ ಕೆರೆ ಆಗಿದ್ದು ಇದಕ್ಕೇ. ಊರಿನ ಒಂದು ದೊಡ್ಡ ಪಾಲಿನ ನೀರು ಕಡೆಗೆ ಬಂದು ನಿಲ್ಲುವ ಜಾಗ ಅದು.

ಏರಿಯ ಕೆಳಗೆ ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಗದ್ದೆಗಳು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಸರದಿ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಬೇಸಿಗೆಯಲ್ಲಿ ನೀರು ಇಳಿದು ಕೆರೆಯಂಗಳ ಕಾಣುತ್ತಿತ್ತು. ಆಗ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಗೋಡು ತುಂಬಿಕೊಂಡು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಹೂಳೆತ್ತಿದ ಹಾಗೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕೆರೆ ಅನ್ನೋದು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬರಿದಾಗುವ ವ್ಯವಸ್ಥೆ. ವರ್ಷವಿಡೀ ತುಂಬಿ ತುಳುಕುವ ಕೆರೆ ಈ ಸೀಮೆಯಲ್ಲಿ ಇರಲೇ ಇಲ್ಲ ಅನ್ನಬಹುದು. ಹಾಗಾಗಿ ಏಪ್ರಿಲ್‌ನಲ್ಲೂ ಬೆಂಗಳೂರಿನ ಕೆರೆಯೊಂದು ತುಂಬಿದೆ ಅಂದರೆ ನನಗೆ ಖುಷಿಗಿಂತ ಅನುಮಾನ ಮೊದಲು ಬರುತ್ತದೆ. ಆ ನೀರು ಮಳೆಯದಂತೂ ಅಲ್ಲವಲ್ಲ.

ಊರು ಬೆಳೆಯಲು ಶುರುವಾದಾಗ ಮೊದಲು ಮಾರಾಟವಾದದ್ದು ಎಂಥ ಜಮೀನು? ಹಲವು ಕಡೆ ಈ ಅಚ್ಚುಕಟ್ಟಿನ ಗದ್ದೆಗಳೇ. ಮೇಲಿನಿಂದ ಕೊಳಚೆ ಸೇರಿ ಕೆರೆ ನೀರು ಕೆಟ್ಟಿತು, ಭತ್ತದಲ್ಲಿ ಹುಟ್ಟುವಳಿ ಇಲ್ಲದಾಯಿತು, ಮಕ್ಕಳು ಕಾರ್ಖಾನೆ ಕೆಲಸಕ್ಕೆ ಹೋದರು. ಅದೇ ಹೊತ್ತಿಗೆ ಹೊರ ವರ್ತುಲ ರಸ್ತೆ ಬಂತು, ಅದರ ಉದ್ದಕ್ಕೂ ಐಟಿ ಕಂಪನಿಗಳು ಬಂದವು. ಎಕರೆಗೆ ಲಕ್ಷ ಇದ್ದದ್ದು ಕೋಟಿಯಾಯಿತು. ಮಾರಿದ ರೈತನನ್ನು ದೂರಿ ಪ್ರಯೋಜನವಿಲ್ಲ. ಆದರೆ ಗದ್ದೆ ಅಂದರೆ ತಗ್ಗು. ನೀರು ಹರಿಯಲೆಂದೇ ಇದ್ದ ಜಾಗ. ಅಲ್ಲಿ ಮಣ್ಣು ತುಂಬಿ, ಎತ್ತರಿಸಿ, ಕಾಂಪೌಂಡ್ ಕಟ್ಟಿ ಲೇಔಟ್ ಮಾಡಿದರು.

ಕಾಗದದ ದಾರಿಯೂ ಸಲೀಸಾಗಿತ್ತು. ಕೃಷಿ ಜಮೀನಿಗೆ ಡಿಸಿ ಕನ್ವರ್ಷನ್ (ಬೇರೆ ಬಳಕೆಗೆ ಜಿಲ್ಲಾಧಿಕಾರಿಯ ಅನುಮತಿ), ಆಮೇಲೆ ಪಂಚಾಯಿತಿಯಿಂದ ಖಾತೆ. ಕನ್ವರ್ಷನ್ ಕೂಡ ಇಲ್ಲದೆ ಮಾರಿದ ರೆವೆನ್ಯೂ ಸೈಟುಗಳು ಎಷ್ಟೋ. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಅನ್ನೋ ಮಹಾನಗರ ಪಾಲಿಕೆ ಮಾಡಿದಾಗ ಇವೆಲ್ಲ ಒಂದೇ ಏಟಿಗೆ 'ನಗರ' ಆದವು. ಅನುಮೋದನೆ ಸರಿಯಿದ್ದವಕ್ಕೆ ಎ ಖಾತಾ, ಇಲ್ಲದವಕ್ಕೆ ತೆರಿಗೆ ಕಟ್ಟಿಸಿಕೊಳ್ಳಲು ಬಿ ಖಾತಾ. ಊರಿನ ಹೆಸರು ಬದಲಾಯಿತು, ಪೈಪು ಮಾತ್ರ ಬರಲಿಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 65 ಲಕ್ಷ ಜನ, 2011ರಲ್ಲಿ 96 ಲಕ್ಷ. ಹತ್ತು ವರ್ಷದಲ್ಲಿ 30 ಲಕ್ಷದಷ್ಟು ಹೆಚ್ಚಳ. ಹೊಸದಾಗಿ ಬಂದವರಲ್ಲಿ ಬಹಳಷ್ಟು ಜನ ನೆಲೆಸಿದ್ದು ಇಂಥ ಅಂಚಿನ ಊರುಗಳಲ್ಲೇ.

ಈಗ ಒಂದೇ ಒಂದು ಅಪಾರ್ಟ್‌ಮೆಂಟಿನ ಲೆಕ್ಕ ಹಾಕೋಣ. 1,000 ಫ್ಲ್ಯಾಟು, ಮನೆಗೆ 4 ಜನ, ಒಟ್ಟು 4,000 ಜನ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಅನ್ನೋದು ಸರ್ಕಾರಿ ಮಾನದಂಡ. ಅಂದರೆ ದಿನಕ್ಕೆ 5.4 ಲಕ್ಷ ಲೀಟರ್. ಇದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ: ಸುಮಾರು 4.3 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 36 ಟ್ಯಾಂಕರ್. ಪ್ರತಿದಿನ. ಯುಜಿಡಿ (ಒಳಚರಂಡಿ) ಲೈನ್ ಬರದ ಊರಲ್ಲಿ ಇದು ಹೋಗುವುದೆಲ್ಲಿಗೆ?

'ನಮ್ಮಲ್ಲಿ ಎಸ್‌ಟಿಪಿ ಇದೆ' ಅನ್ನೋದು ಸಿಗುವ ಉತ್ತರ. ಎಸ್‌ಟಿಪಿ ಅಂದರೆ ಕೊಳಚೆ ಶುದ್ಧೀಕರಿಸುವ ಘಟಕ. ಸರಿ, ಬೇಸ್‌ಮೆಂಟಿಗೆ ಇಳಿದು ನೋಡೋಣ. ಎಸ್‌ಟಿಪಿಯಲ್ಲಿ ಕೊಳಚೆ ತಿನ್ನುವುದು ಬ್ಯಾಕ್ಟೀರಿಯಾ. ಅವಕ್ಕೆ ಗಾಳಿ ಬೇಕು. ಅದಕ್ಕೆ ಬ್ಲೋವರ್ ದಿನವಿಡೀ ಓಡಬೇಕು. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಅಸೋಸಿಯೇಷನ್ನಿನವರು ರಾತ್ರಿ ಆಫ್ ಮಾಡಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಬೆಳಿಗ್ಗೆ ಬೇಸ್‌ಮೆಂಟ್ ತುಂಬ ವಾಸನೆ. ಚೆನ್ನಾಗಿಯೇ ನಡೆಸಿದರು ಅಂದುಕೊಳ್ಳೋಣ. ಶುದ್ಧವಾದ ನೀರನ್ನು ಫ್ಲಶ್ಶಿಗೆ ಬಳಸಬಹುದು: ತಲೆಗೆ 45 ಲೀಟರಿನಂತೆ 1.8 ಲಕ್ಷ ಲೀಟರ್. ಗಿಡಗಳಿಗೆ ಒಂದಷ್ಟು. ಆದರೂ ದಿನಕ್ಕೆ 2 ಲಕ್ಷ ಲೀಟರಿನ ಆಜುಬಾಜು ಉಳಿದೇ ಉಳಿಯುತ್ತದೆ. ಯುಜಿಡಿ ಇದ್ದರೆ ಅದಕ್ಕೆ ಬಿಡಬೇಕು. ಇಲ್ಲದಿದ್ದರೆ? ಕತ್ತಲಾದ ಮೇಲೆ ಪಕ್ಕದ ರಾಜಕಾಲುವೆಗೆ, ಅಂದರೆ ಕೆರೆಗೆ ಮಳೆ ನೀರು ಒಯ್ಯುವ ದೊಡ್ಡ ಕಾಲುವೆಗೆ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಉಳಿದ ಶುದ್ಧ ನೀರಿನಲ್ಲಿ ಅರ್ಧದವರೆಗೆ ಹೊರಗೆ ಮಾರಲು ಸರ್ಕಾರ ಅನುಮತಿ ಕೊಟ್ಟಿದ್ದೇ 2024ರಲ್ಲಿ.

ಎಸ್‌ಟಿಪಿ ಇಲ್ಲದ ಸಣ್ಣ ಕಟ್ಟಡಗಳು, ಪಿಜಿಗಳು, ಬಾಡಿಗೆ ವಠಾರಗಳು ಇನ್ನೂ ನೇರ. ಪಿಟ್ ತುಂಬಿದರೆ ಹೀರುವ ಲಾರಿ ಬರುತ್ತದೆ, ಇಲ್ಲವೇ ಪೈಪನ್ನು ಸೀದಾ ಮೋರಿಗೆ ಕೊಟ್ಟಿರುತ್ತಾರೆ. ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಅಂಚಿನ ಊರುಗಳನ್ನೇ ದೂರುವುದೂ ನ್ಯಾಯವಲ್ಲ, ಹಳೇ ನಗರದ ಮಧ್ಯಭಾಗದ ಕೊಳಚೆಯೂ ದಶಕಗಳಿಂದ ಇದೇ ಕಣಿವೆಯಲ್ಲಿ ಇಳಿದು ಬೆಳ್ಳಂದೂರಿಗೆ ಬಂದಿದೆ.

ಹೀಗೆ ಮಳೆಗಾಲದ ಕೆರೆ ಹನ್ನೆರಡು ತಿಂಗಳ ಕೊಳಚೆ ಹೊಂಡವಾಯಿತು. ಹೂಳೆತ್ತಲು ಕೆರೆ ಒಣಗುವುದೇ ಇಲ್ಲ. ತಳದಲ್ಲಿ ಕೆಸರು ಸೇರುತ್ತಲೇ ಹೋಯಿತು. ಮೇಲೆ ನೀರು ಹಯಸಿಂತ್, ಅಂತರಗಂಗೆ ಹಬ್ಬಿ ಬೆಳಕನ್ನೂ ಗಾಳಿಯನ್ನೂ ತಡೆದವು.

2015ರಲ್ಲಿ ದೇಶವಿಡೀ ನೋಡಿದ ನೊರೆಗೆ ಇದೇ ಕಾರಣ. ಬಟ್ಟೆ, ಪಾತ್ರೆ ಸೋಪಿನ ಅಂಶ ಕೊಳಚೆಯೊಂದಿಗೆ ಬಂದು ತಳದ ಕೆಸರಿಗೆ ಅಂಟಿಕೊಳ್ಳುತ್ತದೆ. ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಅದು ಬೇಗ ಕರಗಿ ಹೋಗುವುದಿಲ್ಲ. ಜೋರು ಮಳೆ ಬಂದರೆ ಕೆಸರು ಕದಡಿ, ಅಂಟಿದ್ದ ಸೋಪೆಲ್ಲ ಬಿಟ್ಟುಕೊಳ್ಳುತ್ತದೆ. ಆ ನೀರು ಯಮಲೂರಿನ ಕಡೆಯ ಕೋಡಿಯಲ್ಲಿ ಮೇಲಿಂದ ಬಿದ್ದಾಗ ಗಾಳಿ ಸೇರಿ ಬುರುಗು ಏಳುತ್ತದೆ. ಹಾಗಾಗಿಯೇ ನೊರೆ ಎದ್ದದ್ದು ಕೆರೆಯ ನಡುವೆ ಅಲ್ಲ, ಕೋಡಿಯಲ್ಲಿ. ಗಾಳಿ ಬೀಸಿದರೆ ಅದು ಸ್ಕೂಟರಿನವರ ಮೈಮೇಲೆ ಬೀಳುತ್ತಿತ್ತು. ವರ್ತೂರಿನಲ್ಲಿ ನೊರೆ ರಸ್ತೆಗೆ ಬರದಂತೆ ಎತ್ತರದ ಜಾಲರಿ ಕಟ್ಟಿದ್ದರು. ಅಷ್ಟಕ್ಕೇ ಪರಿಹಾರ ಆಯಿತು ಅಂದುಕೊಂಡ ಹಾಗಿತ್ತು ಆಗ.

ಬೆಂಕಿ ಬಿದ್ದದ್ದು 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ. 'ನೀರಿಗೆ ಬೆಂಕಿ ಬಿತ್ತು' ಅಂತ ಸುದ್ದಿಯಾಯಿತು. ಉರಿದದ್ದು ಅಂಚಿನ ಒಣಗಿದ ಕಳೆ ಮತ್ತು ಸುರಿದ ಕಸ. ಕೊಳೆತ ಕೆಸರಿನಿಂದ ಮೀಥೇನ್ ಅನಿಲವೂ ಏಳುತ್ತಲೇ ಇತ್ತು. ಎರಡನೆಯ ಸಲ ಆರಿಸಲು ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಇಳಿಯಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ಕೆರೆ ಕೆಲಸಕ್ಕೆಂದೇ 500 ಕೋಟಿ ರೂಪಾಯಿ ಪ್ರತ್ಯೇಕವಾಗಿ ತೆಗೆದಿಡಲು ರಾಜ್ಯ ಸರ್ಕಾರಕ್ಕೆ ಹೇಳಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಮೇಲುಸ್ತುವಾರಿ ಸಮಿತಿಯೂ ಆಯಿತು. ಆಮೇಲೆ ಬಿಡಿಎ ಕೊಳಚೆಯನ್ನು ಪಕ್ಕದ ಕಾಲುವೆಗೆ ತಿರುಗಿಸಿ ಹೂಳೆತ್ತಲು ಶುರುಮಾಡಿತು.

ಇನ್ನು ಪ್ರವಾಹ. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಅದು ರಾಗಿ ಹೊಲವಾಗಿದ್ದರೆ ಬಹುಪಾಲು ನೆಲಕ್ಕೆ ಇಂಗುತ್ತದೆ, ಉಳಿದದ್ದು ಬದು ದಾಟಿ ನಿಧಾನಕ್ಕೆ ಹರಿಯುತ್ತದೆ. ಕಾಂಕ್ರೀಟಾದರೆ ಹೆಚ್ಚುಕಡಿಮೆ ಪೂರ್ತಿ ಹರಿಯುತ್ತದೆ, ಅದೂ ಅರ್ಧ ಗಂಟೆಯೊಳಗೆ. ಕಾಲುವೆಗೆ ಮೊದಲಿಗಿಂತ ಎಷ್ಟೋ ಪಟ್ಟು ಕೆಲಸ. ಕಾಲುವೆಯೋ, ಕಾಂಪೌಂಡುಗಳ ಪಕ್ಕ ಮೂಲೆ ಮೂಲೆಗೆ ತಿರುಗಿ, ಕೆಲವು ಕಡೆ ಚಪ್ಪಡಿಯಡಿ ಸೇರಿ, ಇನ್ನು ಕೆಲವು ಕಡೆ ಕಾಣೆಯೇ ಆಗಿದೆ. ಹೊಸ ಲೇಔಟಿನವರು ಹಳೆಯದಕ್ಕಿಂತ ಎರಡು ಅಡಿ ಎತ್ತರಿಸುತ್ತಾರೆ. ರಸ್ತೆಗೆ ಡಾಂಬರು ಹಾಕಿದಾಗೆಲ್ಲ ರಸ್ತೆಯೂ ಏರುತ್ತದೆ. ಮೊದಲು ಬಂದವರ ಮನೆ ಗುಂಡಿಯಲ್ಲಿ ಉಳಿಯುತ್ತದೆ.

2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 130 ಮಿಲಿಮೀಟರ್ ದಾಟಿ ಮಳೆ ಸುರಿಯಿತು. ಮರುದಿನ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರು ನೀರಲ್ಲಿ. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಐಟಿ ನೌಕರರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಮೇಲಿನ ಕೆರೆಗಳು ಕೋಡಿ ಬಿದ್ದವು, ನೀರು ತನ್ನ ಹಳೇ ದಾರಿ ಹಿಡಿಯಿತು. ಆ ದಾರಿಯಲ್ಲಿ ಈಗ ಊರಿತ್ತು. ಮಳೆ ವಿಪರೀತವಾಗಿದ್ದು ನಿಜ, ಆದರೆ ಅಂದು ಮುಳುಗಿದ ಜಾಗಗಳನ್ನು ಹಳೇ ಗ್ರಾಮ ನಕ್ಷೆಯ ಪಕ್ಕ ಇಟ್ಟು ನೋಡಿದವರಿಗೆ ಆಶ್ಚರ್ಯವಾಗಲಿಲ್ಲ.

ಇಷ್ಟೆಲ್ಲ ಇದ್ದರೂ ಕೆರೆ ಪಕ್ಕ ಕಟ್ಟಲು ಬಿಟ್ಟಿದ್ದು ಹೇಗೆ ಅನ್ನೋ ಪ್ರಶ್ನೆಗೆ ಬಫರ್ ವಲಯದ ಕಥೆ ತಿಳಿಯಬೇಕು. 2007ರ ಮಾಸ್ಟರ್ ಪ್ಲಾನಿನಲ್ಲಿ ಕೆರೆಯ ಸುತ್ತ 30 ಮೀಟರ್ ಕಟ್ಟುವಂತಿಲ್ಲ. ರಾಜಕಾಲುವೆಗಳಿಗೆ ಅವುಗಳ ದರ್ಜೆ ನೋಡಿ 50, 25, 15 ಮೀಟರ್, ಅದೂ ಕಾಲುವೆಯ ನಡುಮಧ್ಯದಿಂದ ಅಳೆದು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ದೊಡ್ಡ ನಿರ್ಮಾಣಗಳ ಬಗ್ಗೆ ದೂರು ಹೋದಾಗ ಹಸಿರು ನ್ಯಾಯಮಂಡಳಿ 2016ರ ಮೇನಲ್ಲಿ ಕೆರೆಗೆ 75 ಮೀಟರ್ ಎಂದಿತು. ಕಾಲುವೆಗಳಿಗೂ ಹೆಚ್ಚಿಸಿತು, ಅಂಚಿನಿಂದ ಅಳೆಯಲು ಹೇಳಿತು. ಬಿಲ್ಡರುಗಳು ಕಂಗಾಲಾದರು. ಈಗಾಗಲೇ ಫ್ಲ್ಯಾಟು ಕೊಂಡವರಂತೂ ಅವರಿಗಿಂತ ಹೆಚ್ಚು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನಿನಲ್ಲಿ ಇರುವ ಅಳತೆಯನ್ನು ನ್ಯಾಯಮಂಡಳಿ ತಾನೇ ಬದಲಿಸಲು ಬರುವುದಿಲ್ಲ ಅನ್ನೋದು ಅದರ ತರ್ಕ.

ನನ್ನ ಮಟ್ಟಿಗೆ 30ಕ್ಕೂ 75ಕ್ಕೂ ನಡೆದ ಜಗಳ ನಿಜವಾದ ವಿಷಯವನ್ನು ಮರೆಸಿತು. ಬಫರ್ ಕಾಪಾಡುವುದು ಅಂಚನ್ನು. ಎರಡು ಕಿಲೋಮೀಟರ್ ಆಚೆಯ ಅಪಾರ್ಟ್‌ಮೆಂಟಿನ ಕೊಳಚೆ ಕಾಲುವೆ ಹಿಡಿದು ಬಂದರೆ ಯಾವ ಬಫರೂ ಏನೂ ಮಾಡಲಾರದು.

ಮನೆ ಕೊಳ್ಳುವವರು ಸುಮ್ನೆ ಬ್ರೋಷರ್ ನಂಬುವ ಬದಲು ಪಹಣಿ ಓದಲು ಕಲಿಯುವುದು ಒಳ್ಳೆಯದು. ಅದರಲ್ಲಿ ಒಟ್ಟು ವಿಸ್ತೀರ್ಣದ ಹತ್ತಿರ ಖರಾಬು ಅಂತ ಇರುತ್ತದೆ. ಎ ಖರಾಬು ಅಂದರೆ ಬಂಡೆ, ಕಲ್ಲು ಇತ್ಯಾದಿ ಇದ್ದು ಸಾಗುವಳಿಗೆ ಬಾರದ ನೆಲ. ಬಿ ಖರಾಬು ಅಂದರೆ ಹಳ್ಳ, ಕಾಲುವೆ, ದಾರಿ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಸರ್ವೆ ನಂಬರಿನಲ್ಲಿ ಆರು ಗುಂಟೆ ಬಿ ಖರಾಬು ಇದ್ದು, ಸ್ಥಳದಲ್ಲಿ ಕಾಲುವೆಯ ಸುಳಿವೇ ಇಲ್ಲ ಅಂದರೆ ಆ ಆರು ಗುಂಟೆ ಯಾರದೋ ಪಾರ್ಕಿಂಗ್ ಅಡಿ ಇದೆ ಅಂತಲೇ ಅರ್ಥ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಗ್ರಾಮ ನಕ್ಷೆ ಹಾಕಿಕೊಂಡು ಹಳ್ಳದ ಗೆರೆ ಎಲ್ಲಿ ಹಾಯ್ದಿದೆ ನೋಡಬಹುದು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಒಸಿ (ವಾಸಕ್ಕೆ ಅನುಮತಿ ಪತ್ರ) ಎಲ್ಲರೂ ಕೇಳುತ್ತಾರೆ. ಎಸ್‌ಟಿಪಿಯಲ್ಲಿ ಮಿಕ್ಕಿದ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ಅದನ್ನು ಸೇಲ್ಸಿನವರನ್ನು ಕೇಳಬೇಡಿ, ಸೆಕ್ಯುರಿಟಿಯವರನ್ನೋ ಪ್ಲಂಬರನ್ನೋ ಕೇಳಿ.

ಕೆರೆ ಉಳಿಸಿಕೊಂಡ ಕಡೆಗಳೂ ಇವೆ. ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು, ಪಾಲಿಕೆ ಸೇರಿ 2009ರ ನಂತರ ಎಬ್ಬಿಸಿದರು. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನೇ ಕೆರೆಗೆ ಬಿಡುವ ಏರ್ಪಾಡು ಆಯಿತು. ಜಕ್ಕೂರಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಮಾದರಿ. ಕೆರೆ ತಲೆಯಲ್ಲೇ ಜಲಮಂಡಳಿಯ ಎಸ್‌ಟಿಪಿ. ಅಲ್ಲಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನಕ್ಕೆ ಹಾದು ಕೆರೆ ಸೇರುತ್ತದೆ. ಎಸ್‌ಟಿಪಿ ತೆಗೆಯದೆ ಬಿಟ್ಟ ಸಾರಜನಕ, ರಂಜಕವನ್ನು ಜೊಂಡು ಹೀರಿಕೊಳ್ಳುತ್ತದೆ. ಮೀನು ಹಿಡಿಯುವವರಿಗೂ ಅಲ್ಲಿ ಜಾಗ ಉಳಿದಿದೆ.

ಅಭಿವೃದ್ಧಿಯಾದ ಎಲ್ಲ ಕೆರೆಗೂ ಈ ಭಾಗ್ಯವಿಲ್ಲ. ಸುತ್ತ ಏರಿ ಹಾಕಿ, ವಾಕಿಂಗ್ ಪಾತ್ ಮಾಡಿ, ಬೇಲಿ ಹಾಕಿ, ಕೊಳಚೆಯನ್ನು ಬೇರೆ ಕಾಲುವೆಗೆ ತಿರುಗಿಸಿಬಿಟ್ಟರೆ ಅದರ ಜೊತೆ ಮಳೆ ನೀರೂ ಹೊರಗೇ ಹೋಗುತ್ತದೆ. ಆಗ ಕೆರೆ ಬೇಸಿಗೆಗೆ ಬಣಗುಡುತ್ತದೆ. ಹುಲ್ಲು ಕೊಯ್ಯಲು ಬರುತ್ತಿದ್ದವರನ್ನು, ದನ ಮೇಯಿಸುವವರನ್ನು ಗೇಟಿನಲ್ಲೇ ತಡೆಯುತ್ತಾರೆ. ಬೆಳಿಗ್ಗೆ ವಾಕಿಂಗ್ ಬರುವವರಿಗೆ ಮಾತ್ರ ಪ್ರವೇಶ. ಫ್ಲ್ಯಾಟಿನ ರೇಟು ಏರುತ್ತದೆ, ಇನ್ನೊಂದು ಟವರ್ ಏಳುತ್ತದೆ, ಆ ಟವರಿನ ಕೊಳಚೆಗೆ ಮತ್ತೆ ದಾರಿ ಹುಡುಕಬೇಕು.

ಈಗ ಬೆಳ್ಳಂದೂರಿನ ಮುಂದೆ ಎರಡು ಲೆಕ್ಕಗಳು ಬಾಕಿ ಇವೆ. ಮೊದಲನೆಯದು, ಕೆರೆಗೆ ನೀರೆಲ್ಲಿಂದ? 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಬತ್ತಿದ್ದ ಕೋಲಾರಕ್ಕೆ ನೀರು ಬಂದದ್ದು ಒಳ್ಳೆಯದೇ, ಇನ್ನೂ ಒಂದು ಹಂತ ಹೆಚ್ಚು ಶುದ್ಧ ಮಾಡಿ ಕೊಡಿ ಅಂತ ಅಲ್ಲಿಯ ರೈತರು ಕೇಳುವುದೂ ಸರಿಯೇ. ಆದರೆ ಹೂಳು ತೆಗೆದ ಮೇಲೆ ಬೆಳ್ಳಂದೂರು ತನ್ನ ಪಾಲಿಗೆ ಕಾಂಕ್ರೀಟಿನ ಮೇಲೆ ಹರಿದು ಬಂದ ಮಳೆಯನ್ನೇ ಹೆಚ್ಚಾಗಿ ನಂಬಬೇಕು, ಆ ಮಳೆ ಬರುವ ಕಾಲುವೆಯಲ್ಲೇ ಕೊಳಚೆಯೂ ಬರುತ್ತದೆ.

ಎರಡನೆಯದು ಇನ್ನೂ ದೊಡ್ಡದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಈ ಊರುಗಳು ಟ್ಯಾಂಕರಿಗೆ ಕಾದಿದ್ದವು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಹೆಚ್ಚಾಗಿ ಆ 110 ಹಳ್ಳಿಗಳಿಗೆಂದೇ. ಹದಿನೇಳು ವರ್ಷ ಕಾದ ಜನಕ್ಕೆ ಇದು ಹಕ್ಕಿನ ನೀರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೇ. 80ರ ಲೆಕ್ಕ ಇಲ್ಲೂ ಅದೇ. ನಲ್ಲಿಯಲ್ಲಿ ಅಷ್ಟೂ ನೀರು ಬಂದ ದಿನ 62 ಕೋಟಿ ಲೀಟರ್ ಕೊಳಚೆ ಹೊರಬರುತ್ತದೆ. ನೀರಿನ ಕನೆಕ್ಷನ್ ಸಿಕ್ಕ ಪ್ರತಿ ಬೀದಿಯಲ್ಲೂ ಯುಜಿಡಿ ಲೈನ್ ಜೋಡಣೆಯಾಗಿದೆಯೇ, ಆ ಲೈನಿನ ಇನ್ನೊಂದು ತುದಿ ಎಸ್‌ಟಿಪಿಗೆ ಮುಟ್ಟಿದೆಯೇ ಅಂತ ವಾರ್ಡಿನ ಎಂಜಿನಿಯರನ್ನು ಈಗಲೇ ಕೇಳಬೇಕು. ಮುಟ್ಟದಿದ್ದರೆ ಈ ಕಡೆಯ ಕೊಳಚೆ ಇಳಿಯುವುದು ಇದೇ ಕಣಿವೆಗೆ.